ಒಳಗೆ ಹಿಡಿಕೆಯಿಲ್ಲದ ಗಾಡಿ

"ಯಾರ ಮನಿಗ್ರಿ?"

ತಿಕೋಟಾದ ಒಂದು ಓಣಿಯಲ್ಲಿ ನನ್ನ ವ್ಯಾನು ನಿಲ್ಲಿಸಿದಾಗ ಕಿವಿಗೆ ಬಿದ್ದ ಮೊದಲ ಮಾತು ಅದು. ಬೆಳಗಿನ ಹತ್ತು ಗಂಟೆ. ಚಹಾದಂಗಡಿಯ ಬೆಂಚಿನ ಮೇಲಿದ್ದ ಐದಾರು ಗಂಡಸರು ಗಾಡಿ ಕಂಡೊಡನೆ ಎದ್ದು ನಿಂತರು. ಒಬ್ಬ ಮುದುಕರು ತಲೆಯ ಮೇಲಿನ ಬಿಳಿ ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ಎದುರುಮನೆಯ ಹೆಂಗಸು ಕಟ್ಟೆಯ ಮೇಲೆ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಒಬ್ಬ ನಡುವಯಸ್ಸಿನವರು ನನ್ನ ಕಿಟಕಿಯ ಹತ್ತಿರ ಬಂದು, ದನಿ ತಗ್ಗಿಸಿ, ಯಾರ ಮನೆಗೆ ಎಂದು ಕೇಳಿದರು.

ನನಗೆ ಸಂತೋಷವಾಯಿತು. ಪರಸ್ಥಳದ ಹೆಂಗಸಿಗೆ ಎಷ್ಟು ಮರ್ಯಾದೆ ಕೊಡುತ್ತಾರೆ ಇವರು ಅನ್ನಿಸಿತು. ನಗುತ್ತಲೇ ಹೇಳಿದೆ:

"ಎಲ್ಲರ ಮನೆಗೂ ಬಂದಿದೀನಿ. ಇವತ್ತು ಈ ಓಣಿ, ನಾಳೆ ಆ ಓಣಿ. ಒಬ್ಬರನ್ನೂ ಬಿಡೋದಿಲ್ಲ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. ಐದು ನಿಮಿಷದಲ್ಲಿ ಓಣಿ ಖಾಲಿಯಾಯಿತು. ಬೆಂಚಿನ ಮೇಲೆ ಅರ್ಧ ಕುಡಿದ ಚಹಾದ ಕಪ್ಪುಗಳು ಮಾತ್ರ ಉಳಿದವು. ಮಧ್ಯಾಹ್ನದವರೆಗೆ ಕಾದೆ. ಒಬ್ಬರೂ ಬರಲಿಲ್ಲ.

ಕೊಳ್ಳೇಗಾಲದಲ್ಲಿ ನನ್ನನ್ನು ಬಲ್ಲವರಿಗೆ ನನ್ನ ಕೆಲಸ ಗೊತ್ತು. ಹತ್ತು ವರ್ಷ ಕನ್ನಡಕದಂಗಡಿಯಲ್ಲಿ ಕೂತು ಕಣ್ಣಿನ ನಂಬರ್ ತೆಗೆದವಳು ನಾನು. ನಮ್ಮ ಮನೆಯವರಿಗೆ ವಿಜಯಪುರದ ಹೊರಗೆ, ತೊರವಿಯ ಹತ್ತಿರ ಕಟ್ಟಿರುವ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. ಗಂಟು ಕಟ್ಟಿಕೊಂಡು ಹೊರಟೆವು. ಒಂದೇ ರಾಜ್ಯ, ಒಂದೇ ಭಾಷೆ, ಏನು ಮಹಾ ಎಂದುಕೊಂಡಿದ್ದೆ.

ಜೋರಾಪುರ ಪೇಟೆಯ ಒಳಓಣಿಯಲ್ಲಿ ಮನೆ ಸಿಕ್ಕಿತು. ಹಳೆಯ ಮಾಳಿಗೆ ಮನೆ. ಗೋಡೆಗಳು ಎಷ್ಟು ದಪ್ಪವೆಂದರೆ ಗೂಡಿನಲ್ಲಿಟ್ಟ ಡಬ್ಬಿಗೆ ಮೊಳಕೈವರೆಗೆ ಕೈ ಚಾಚಬೇಕು. ಕಿಟಕಿ ಕಡಿಮೆ. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಒಂದು ತುಂಡು ಬಿಸಿಲು ಬೆಳಿಗ್ಗೆ ಪಡುವಣ ಗೋಡೆಯಿಂದ ಇಳಿದು, ಮಧ್ಯಾಹ್ನ ನೆಲ ದಾಟಿ, ಸಂಜೆ ಮೂಡಣ ಗೋಡೆ ಏರಿ ಮಾಯವಾಗುತ್ತಿತ್ತು. ಮೊದಲ ವಾರಗಳಲ್ಲಿ ಮನೆಯಲ್ಲಿ ನನ್ನ ಜೊತೆಗಿದ್ದದ್ದು ಅದೊಂದೇ.

ಬೆಳಗಾಗುತ್ತಿದ್ದ ಹಾಗೆ ಅಕ್ಕಪಕ್ಕದ ಮನೆಗಳಿಂದ ಪಟಪಟ ಸದ್ದು ಶುರುವಾಗುತ್ತಿತ್ತು. ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ಮೂರು ದಿನ ಎದ್ದು ಹೋಗಿ ತೆರೆದೆ. ಹೊರಗೆ ಯಾರೂ ಇರುತ್ತಿರಲಿಲ್ಲ. ನಾಲ್ಕನೆಯ ದಿನ ಮನೆಯೊಡತಿಯನ್ನು ಕೇಳಿದಾಗ ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. "ರೊಟ್ಟಿ ಬಡಿಯೂದರೀ ಯವ್ವಾ!" ಜೋಳದ ರೊಟ್ಟಿ ತಟ್ಟುವ ಸದ್ದು ಅದು. ನಮ್ಮ ಕಡೆ ಮುದ್ದೆ ಮಾಡುವುದು ಯಾರಿಗೂ ಕೇಳಿಸುವುದಿಲ್ಲ. ಇಲ್ಲಿ ಅಡುಗೆ ಊರಿಗೆಲ್ಲ ಕೇಳಿಸುತ್ತದೆ. ಅಂಗಡಿಯಲ್ಲಿ ರಾಗಿಹಿಟ್ಟು ಕೇಳಿದರೆ "ಶುಗರ್ ಐತೇನ್ರಿ?" ಎಂದು ಕನಿಕರದಿಂದ ನೋಡುತ್ತಾರೆ. ತರಕಾರಿಯವಳು ನನ್ನ ಮಾತು ಕೇಳಿಸಿಕೊಂಡು, "ನಿಮಗ ಕನ್ನಡ ಬರತೈತೇನ್ರಿ?" ಎಂದು ಕೇಳಿದ ದಿನ ಮನೆಗೆ ಬಂದು ಅತ್ತೆ. ಸಾಲಿ ಎಂದರೆ ಶಾಲೆ, ಸುಟಿ ಎಂದರೆ ರಜೆ, ಚಾಳೀಸ ಎಂದರೆ ಕನ್ನಡಕ. ಮರಾಠಿಯಲ್ಲಿ ನಲವತ್ತಕ್ಕೆ ಚಾಳೀಸ್. ನಲವತ್ತು ದಾಟಿದವರ ಮೂಗಿನ ಮೇಲೆ ಬಂದು ಕೂರುವುದರಿಂದ ಆ ಹೆಸರು ಬಂದಿರಬೇಕು. ಆ ಮಾತು ನನಗೆ ತುಂಬ ಹಿಡಿಸಿತು.

ನಗರದ ಅಂಗಡಿಗಳಲ್ಲಿ ನನಗೆ ಕೆಲಸ ಸಿಗಲಿಲ್ಲ. ಹಾಗಾದರೆ ಚಾಳೀಸವನ್ನೇ ಹಳ್ಳಿಗೆ ಕೊಂಡೊಯ್ಯೋಣ ಎಂದುಕೊಂಡೆ. ಅಲ್ಲೇ ಕಣ್ಣು ನೋಡಿ, ನಂಬರ್ ತೆಗೆದು, ಮುಂದಿನ ವಾರ ಕನ್ನಡಕ ತಂದುಕೊಡುವುದು. ಡ್ರೈವಿಂಗ್ ಊರಲ್ಲೇ ಕಲಿತಿದ್ದೆ. ಗಾಡಿ ಬೇಕಿತ್ತು.

ಹಳೆಯ ಗಾಡಿಗಳನ್ನು ಮಾರುವ ಒಬ್ಬ ದಲ್ಲಾಳಿ ಬಿಳಿಯ ಆಂಬುಲೆನ್ಸ್ ತೋರಿಸಿದ. ಯಾವುದೋ ಸೇವಾ ಸಂಸ್ಥೆಯದ್ದು, ಇಂಜಿನ್ ಗಟ್ಟಿ ಎಂದ. ಹಿಂಭಾಗ ಪೂರ್ತಿ ಬೇರೆ ಕೋಣೆ. ಡ್ರೈವರಿನ ಸೀಟಿಗೂ ಅದಕ್ಕೂ ನಡುವೆ ತಗಡಿನ ಗೋಡೆ. ನನಗೆ ಬೇಕಾಗಿದ್ದುದೇ ಅದು. ಕಣ್ಣು ನೋಡಲು ಕತ್ತಲೆ ಬೇಕು, ಆರು ಮೀಟರ್ ದೂರ ಬೇಕು. ಜಾಗ ಅರ್ಧವೇ ಇದ್ದರೆ ಎದುರಿಗೆ ಕನ್ನಡಿ ನಿಲ್ಲಿಸಿ, ಬೆನ್ನ ಹಿಂದಿನ ಅಕ್ಷರಗಳನ್ನು ಅದರಲ್ಲಿ ಓದಿಸಬಹುದು. ಗಾಡಿ ಕೊಂಡು ಆಕಾಶನೀಲಿ ಬಣ್ಣ ಹೊಡೆಸಿದೆ. ಎರಡೂ ಬದಿಗೆ ದೊಡ್ಡದಾಗಿ ತೆರೆದ ಕಣ್ಣುಗಳನ್ನು ಬಿಡಿಸಿದ ಪೇಂಟರ್ ಯಾಕೋ ಒಂದು ಸಲವೂ ನನ್ನ ಮುಖ ನೋಡಿ ಮಾತಾಡಲಿಲ್ಲ.

ಹಾಗೆ ಶುರುವಾಯಿತು ನನ್ನ ತಿರುಗಾಟ.

ಬಬಲೇಶ್ವರದ ದಾರಿಯಲ್ಲಿ ಎದುರಾದ ಬೈಕಿನವರು ವೇಗ ಇಳಿಸಿ ಎದೆ ಮುಟ್ಟಿಕೊಂಡು ಮುಂದೆ ಹೋಗುತ್ತಿದ್ದರು. ಹೊಲದಲ್ಲಿ ಬಗ್ಗಿದ್ದ ಹೆಂಗಸರು ನೆಟ್ಟಗೆ ನಿಂತು, ಗಾಡಿ ಕಣ್ಣಿಗೆ ಮರೆಯಾಗುವ ತನಕ ಕೈ ಮುಗಿದುಕೊಂಡೇ ಇರುತ್ತಿದ್ದರು. ನಾನೂ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ನಮಸ್ಕಾರ ಮಾಡುತ್ತಿದ್ದೆ. ಅವರ ಮುಖದಲ್ಲಿ ನಗು ಬರುತ್ತಿರಲಿಲ್ಲ. ಊರೊಳಗೆ ನಿಲ್ಲಿಸಿದರೆ ಮಾತಾಡಿಸುತ್ತಿದ್ದರು, ನೀರು ಕೊಡುತ್ತಿದ್ದರು, "ಉಂಡು ಹೋಗ್ರಿ" ಎನ್ನುತ್ತಿದ್ದರು. ಗಾಡಿ ಹತ್ತಿ ಎಂದರೆ ಮಾತ್ರ ಏನೋ ನೆಪ. ಹಿಟ್ಟು ಬೀಸಿಸಬೇಕು, ಎಮ್ಮೆ ಕಟ್ಟಬೇಕು. ಕಟ್ಟೆಯ ಮೇಲೆ ಕೂರಿಸಿ ಕಣ್ಣು ನೋಡಿದರೆ ಸರಿ, ಒಳಗೆ ಮಾತ್ರ ಯಾರೂ ಬರಲೊಲ್ಲರು. ಬಿಸಿಲಿನಲ್ಲಿ ನಂಬರ್ ಸರಿಯಾಗಿ ಸಿಗುವುದಿಲ್ಲ. ವಾರಕ್ಕೆ ಒಂದೋ ಎರಡೋ ಕನ್ನಡಕ ಹೋದರೆ ಹೆಚ್ಚು.

ಇನ್ನು ಗಾಡಿಯ ಒಳಗಿನದು. ದಿನಾ ಸಂಜೆ ಕಸ ಗುಡಿಸುತ್ತಿದ್ದೆ. ನೆಲದ ತಗಡಿನ ಸಂದುಗಳಿಂದ ಒಂದೊಂದಾಗಿ ಚುರುಮುರಿ ಕಾಳು ಬರುತ್ತಿದ್ದವು. ಚುರುಮುರಿ ಎಂದರೆ ನಮ್ಮ ಕಡಲೆಪುರಿಯ ಪುರಿ. ಅದನ್ನು ಅಲ್ಲಿ ಯಾರೂ ತಿಂದಿರಲಿಲ್ಲ. ಗುಡಿಸಿದ ಮರುದಿನ ಮತ್ತೆ ನಾಲ್ಕು ಕಾಳು. ಮಧ್ಯಾಹ್ನ ತಗಡು ಕಾದು ಒಳಗೆ ಕಾಲಿಟ್ಟರೆ ಊದಿನಕಡ್ಡಿಯ ವಾಸನೆ. ಹಚ್ಚಿದವರು ಯಾರೂ ಇಲ್ಲ. ಎದುರಿನ ಕನ್ನಡಿಯಲ್ಲಿ ನನ್ನ ಬೆನ್ನ ಹಿಂದಿನ ಅಕ್ಷರಗಳು ಒಂದು ಕ್ಷಣ ಮಸುಕಾಗಿ ಮತ್ತೆ ಸ್ಪಷ್ಟವಾಗುತ್ತಿದ್ದವು. ಬಿಸಿಗಾಳಿ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಕಾಖಂಡಕಿ ಊರು ದಾಟುವ ಒಂದು ಕಡೆ ಸ್ಟೇರಿಂಗ್ ತಾನಾಗಿ ಎಡಕ್ಕೆ ಎಳೆಯುತ್ತಿತ್ತು. ಬೇರೆಲ್ಲೂ ಹಾಗಾಗುತ್ತಿರಲಿಲ್ಲ.

ಆ ಕಾಖಂಡಕಿಯಲ್ಲೇ ಒಂದು ಮಧ್ಯಾಹ್ನ ನಾನು ಒಳಗೆ ಸಿಕ್ಕಿಬಿದ್ದೆ.

ಬಸ್ಸು ನಿಲ್ಲುವ ಜಾಗದ ಹತ್ತಿರ ಗಾಡಿ ನಿಲ್ಲಿಸಿ, ಹಿಂದೆ ಹತ್ತಿ ಕನ್ನಡಿ ಒರೆಸುತ್ತಿದ್ದೆ. ಗಾಳಿ ಬೀಸಿ ಬಾಗಿಲು ದಡಾರನೆ ಮುಚ್ಚಿಕೊಂಡಿತು. ಕತ್ತಲೆ. ತಡಕಿ ನೋಡಿದೆ. ಬಾಗಿಲಿಗೆ ಒಳಗಡೆ ಹಿಡಿಕೆಯೇ ಇರಲಿಲ್ಲ! ಅಷ್ಟು ದಿನ ಗಮನಿಸಿರಲಿಲ್ಲ. ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಫೋನು ಮುಂದಿನ ಸೀಟಿನಲ್ಲಿತ್ತು. ಬಾಗಿಲು ಬಡಿದೆ, ಕೂಗಿದೆ. ಹೊರಗೆ ಬಸ್ಸಿಗೆ ಕಾಯುತ್ತಿದ್ದವರ ಮಾತು ಕೇಳುತ್ತಿತ್ತು. ನಾನು ಬಡಿದ ಕೂಡಲೇ ಮಾತು ನಿಂತಿತು. ಮತ್ತೆ ಬಡಿದೆ. ಯಾರೋ ಕಿಟಾರನೆ ಕಿರುಚಿದರು. ಓಡುವ ಕಾಲುಗಳ ಸದ್ದು. ಆಮೇಲೆ ಏನೂ ಇಲ್ಲ.

ಎಷ್ಟು ಹೊತ್ತಾಯಿತೋ ತಿಳಿಯದು. ಬೆವರಿಗೆ ಸೀರೆ ಮೈಗಂಟಿತು. ಊದಿನಕಡ್ಡಿಯ ವಾಸನೆ ಗಂಟಲಿಗೆ ಇಳಿಯಿತು. ಆ ಕತ್ತಲೆಯಲ್ಲಿ ನಾನೊಬ್ಬಳೇ ಇಲ್ಲ, ಇನ್ನೂ ಬಹಳ ಮಂದಿ ಇದ್ದಾರೆ, ಅವರಿಗೆ ನನ್ನ ಹಾಗೆ ಅವಸರವಿಲ್ಲ ಎಂದು ಅನ್ನಿಸತೊಡಗಿತು. ಯಾಕೆ ಹಾಗನ್ನಿಸಿತೋ ಹೇಳಲಾರೆ. ಬಡಿಯುವುದನ್ನು ನಿಲ್ಲಿಸಿಬಿಟ್ಟೆ. ಶಬ್ದ ಮಾಡುವುದೇ ತಪ್ಪೇನೋ ಎಂಬಂತೆ.

ಆಗ ಯಾರೋ ಹೊರಗಿನಿಂದ ಬಾಗಿಲ ಮೇಲೆ ಅಂಗೈ ಇಟ್ಟ ಸದ್ದಾಯಿತು. ಮುದುಕಿಯ ದನಿ.

"ಯಾರದಿ ಒಳಗ?"

"ನಾನಮ್ಮಾ. ಕಣ್ಣು ನೋಡೋಳು."

ದನಿ ಬಾಗಿಲಿಗೆ ಇನ್ನೂ ಹತ್ತಿರ ಬಂತು: "ಜೀವಂತ ಅದಿಯೇನ ಬೇ?"

"ಇದೀನಿ!"

ಬಾಗಿಲು ತೆರೆಯಿತು. ಬೆಳಕಿಗೆ ಕಣ್ಣು ಕಿರಿದು ಮಾಡಿ ನೋಡಿದೆ. ಹಣೆಗೆ ಕುಂಕುಮವಿಲ್ಲದ, ಕಡ್ಡಿಯಂಥ ಒಬ್ಬ ಮುದುಕಿ. ದೂರದಲ್ಲಿ ಬೇವಿನ ಗಿಡದ ಕೆಳಗೆ ಇಡೀ ಗುಂಪು ನಿಂತು ನಮ್ಮನ್ನೇ ನೋಡುತ್ತಿತ್ತು. ಮುದುಕಿ ನನ್ನ ಮೊಳಕೈಯನ್ನು ಎರಡು ಬೆರಳಲ್ಲಿ ಚಿವುಟಿ, ನಾನು ಹಾ ಎಂದ ಮೇಲೆ ತಲೆಯಾಡಿಸಿದರು. ಹೆಸರು ಗಂಗವ್ವ ಎಂದರು. ತಮ್ಮ ಮನೆಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಟ್ಟರು. ಗಾಡಿಯ ವಿಷಯ ಕೇಳಿದರೆ "ಬಿಡವ್ವಾ, ಕುಡಿ" ಎಂದಷ್ಟೇ ಅಂದರು. ಮರುದಿನದಿಂದ ಬಾಗಿಲು ಮುಚ್ಚಿಕೊಳ್ಳದಂತೆ ಹಗ್ಗ ಕಟ್ಟಿದೆ.

ಮನೆಯವರು ಕೇಳಿ, "ಮಾರಿಬಿಡು" ಎಂದರು. ಮಾರಬೇಕಾದರೂ ಮೊದಲು ಎಫ್‌ಸಿ ಆಗಬೇಕಿತ್ತು. ಗಾಡಿ ರಸ್ತೆಗೆ ಇಳಿಯಲು ಯೋಗ್ಯವಾಗಿದೆ ಎಂಬ ಸರ್ಟಿಫಿಕೇಟಿಗೆ ಎಲ್ಲರೂ ಎಫ್‌ಸಿ ಎನ್ನುತ್ತಾರೆ. ಎಂಟು ವರ್ಷ ದಾಟಿದ ಇಂಥ ಗಾಡಿಗಳಿಗೆ ಪ್ರತಿ ವರ್ಷವೂ ಬೇಕು. ಕೊಂಡಾಗ ಇದ್ದ ಹಳೆಯ ಎಫ್‌ಸಿ ಮುಗಿಯುವುದಕ್ಕೆ ಇನ್ನು ಕೆಲವೇ ದಿನ ಉಳಿದಿತ್ತು.

ಎಲ್ಲಿ ಮಾಡಿಸಬೇಕು, ಯಾರನ್ನು ಕೇಳಬೇಕು? ಊರಲ್ಲಾಗಿದ್ದರೆ ಮಾವನಿಗೋ ತಮ್ಮನಿಗೋ ಗಾಡಿ ಕೊಟ್ಟು ಸುಮ್ಮನಿರುತ್ತಿದ್ದೆ. ಇಲ್ಲಿ ಗ್ಯಾರೇಜಿನ ಗುರಪ್ಪ ಮಿಸ್ತ್ರಿಯೇ ಗತಿ. ಮಿಸ್ತ್ರಿ ಎಂದರೆ ಮೆಕ್ಯಾನಿಕ್. ಇಲ್ಲಿ ಆ ಮಾತಿಗೆ ಬಹಳ ಗೌರವ.

"ಎಲ್ಲೂ ಹೋಗೂದ ಬ್ಯಾಡ್ರಿ ಅಕ್ಕಾರ," ಎಂದರು ಗುರಪ್ಪ. "ಆನ್‌ಲೈನ್‌ದಾಗ ಒಂದ್ ದಿನಾ ಹಿಡೀರಿ, ರೊಕ್ಕಾ ಅಲ್ಲೇ ತುಂಬ್ರಿ. ಇನ್ಶೂರೆನ್ಸು, ಹೊಗಿ ಸರ್ಟಿಫಿಕೇಟು ಕೈಯಾಗ ಇರಲಿ. ಆ ದಿನ ಮುಂಜಾನೆ ಗಾಡಿ ಆರ್‌ಟಿಒ ಆಫೀಸಿನ ಬಯಲಿಗಿ ಒಯ್ರಿ. ಬ್ರೇಕ್ ಇನ್‌ಸ್ಪೆಕ್ಟರ್ ಬಂದು ನೋಡ್ತಾರ. ಗಾಡಿ ಚಲೋ ಇದ್ರ ಯಾರಿಗೂ ಅಂಜಬೇಕಾಗಿಲ್ಲ."

ಎರಡು ದಿನ ಗಾಡಿ ಅವರ ಹತ್ತಿರ ಬಿಟ್ಟೆ. ಬ್ರೇಕಿನ ಲೈನರ್ ಬದಲಿಸಿದರು. ಹೆಡ್‌ಲೈಟು, ಇಂಡಿಕೇಟರು, ವೈಪರು, ಹಾರ್ನು ಎಲ್ಲ ನೋಡಿದರು. ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ಹೊಳೆಯುವ ಪಟ್ಟಿ ಅಂಟಿಸಿದರು. ಸ್ಟೇರಿಂಗ್ ಎಡಕ್ಕೆ ಎಳೆಯುವ ವಿಷಯ ಹೇಳಿದೆ. ಚಕ್ರಗಳನ್ನು ಅಳತೆಗೆ ಹಾಕಿ ನೋಡಿ, "ಕೂದಲೆಳಿಯಷ್ಟೂ ಫರಕ ಇಲ್ರಿ" ಎಂದರು. ತರಲು ಹೋದ ದಿನ ನೋಡಿದರೆ, ಹಿಂದಿನ ನೆಲಹಾಸನ್ನು ಎತ್ತಿ ಮಡಚಿಟ್ಟಿದ್ದರು. ಅದರ ಕೆಳಗೆ ತಗಡಿಗೆ ಬೆಸೆದ ಎರಡು ಉದ್ದನೆಯ ಕಬ್ಬಿಣದ ಪಟ್ಟಿ, ತುದಿಗೆ ಕೊಂಡಿ. ಅಲ್ಲೇ ಒಂದು ಹಿಡಿ ಒಣಗಿದ ಚೆಂಡುಹೂವಿನ ಎಸಳು.

"ಏನಿದು ಮಿಸ್ತ್ರಿ?"

"ಏನಿಲ್ಲ ಬಿಡ್ರಿ." ಅವರು ಕೈ ಒರೆಸಿಕೊಂಡು ಆಚೆ ನೋಡಿದರು. "ಅಕ್ಕಾರ, ಕೊಡೂ ಮುಂದ ದಲ್ಲಾಳಿ ನಿಮಗೇನೂ ಹೇಳಲಿಲ್ಲೇನ್ರಿ?"

"ಏನು ಹೇಳಬೇಕಿತ್ತು?"

"ನನ್ನ ಬಾಯಿಂದ ಬ್ಯಾಡ್ರಿ. ಹೊಟ್ಟಿಪಾಡಿಗಿ ಬಂದ ಹೆಣ್ಮಗಳು ನೀವು."

ಗಾಡಿಯ ಕೀಲಿ ನನ್ನ ಕೈಗಿಟ್ಟು ಬೇರೆ ಗಾಡಿಯ ಕಡೆ ನಡೆದರು.

ಗೊತ್ತುಮಾಡಿದ ದಿನ ಬೆಳಿಗ್ಗೆ ಆರ್‌ಟಿಒ ಬಯಲಿಗೆ ಹೋದೆ. ಆಟೋಗಳು, ಟೆಂಪೋಗಳು, ಶಾಲೆಯ ಬಸ್ಸು, ಟ್ರಾಕ್ಸುಗಳು ಸಾಲಾಗಿ ನಿಂತಿದ್ದವು. ಡ್ರೈವರುಗಳು ಕೊನೆಯ ಗಳಿಗೆಯಲ್ಲಿ ಗಾಜು ಒರೆಸುತ್ತ, ಒಬ್ಬರಿಗೊಬ್ಬರು ಪ್ರಥಮ ಚಿಕಿತ್ಸೆಯ ಡಬ್ಬಿ ತೋರಿಸಿ ನಗೆಯಾಡುತ್ತ ಇದ್ದರು. ನನ್ನ ಗಾಡಿ ಸಾಲಿಗೆ ಸೇರಿದ ಹಾಗೆ ನಗೆ ಅಲ್ಲಲ್ಲೇ ಅಡಗಿತು. ನನ್ನ ಮುಂದಿನ ಆಟೋದವನು ಗಾಡಿಯನ್ನು ಒಂದು ಮಾರು ಮುಂದಕ್ಕೆ ತಳ್ಳಿಕೊಂಡ.

ಇನ್‌ಸ್ಪೆಕ್ಟರು ಹೊರಗಿನವರು, ಹೊಸದಾಗಿ ಬಂದವರು ಎಂದು ಮಾತಿನಿಂದಲೇ ಗೊತ್ತಾಯಿತು. ಕಾಗದ ನೋಡಿದರು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಲ್ಲಿ ಉಜ್ಜಿ ಅಚ್ಚು ತೆಗೆಸಿದರು. ಬಣ್ಣದಡಿ ಇದ್ದ ನಂಬರು ಒಂದೊಂದೇ ಅಂಕಿಯಾಗಿ ಕಾಗದದ ಮೇಲೆ ಮೇಲೆದ್ದು ಬರುವುದನ್ನು ನೋಡುತ್ತ ನಿಂತೆ. ಬ್ರೇಕು, ದೀಪ, ಟೈರು, ಎಲ್ಲ ಸರಿ. ಹಿಂದೆ ಬಂದು ಹಗ್ಗ ನೋಡಿದರು.

"ಇದೇನು ಮೇಡಂ?"

ಕಾಖಂಡಕಿಯ ಕಥೆ ಹೇಳಿದೆ. ಅವರು ನಂಬದವರಂತೆ ಹಗ್ಗ ಬಿಚ್ಚಿಸಿ, ತಾವೇ ಒಳಗೆ ಹತ್ತಿ, ಬಾಗಿಲು ಹಾಕಿ ಎಂದರು. ಹಾಕಿದೆ. ಒಳಗೆ ಕೈ ಸವರುವ ಸದ್ದು. ಆಮೇಲೆ ತಟ್ಟಿದರು. ಇಡೀ ಸಾಲು ಉಸಿರು ಬಿಗಿಹಿಡಿದು ನಿಂತಿತು. ನಾನು ಬಾಗಿಲು ತೆರೆದಾಗ ಅವರ ಹಣೆಯ ತುಂಬ ಬೆವರು.

"ಒಳಗೆ ಹಿಡಿಕೆ ಇಲ್ಲ. ಯಾಕೆ ಇಲ್ಲ?"

"ಮುರುದು ಬಾಳ ದಿನಾ ಆಗೈತ್ರಿ ಸಾಹೇಬ್ರ."

ಮಾತು ಬಂದದ್ದು ನಮ್ಮ ಹಿಂದಿನಿಂದ. ಐವತ್ತರ ಆಸುಪಾಸಿನ ಒಬ್ಬ ಡ್ರೈವರು ಖಾಕಿ ಅಂಗಿಯಲ್ಲಿ ನಿಂತಿದ್ದರು. ಅವರು ನನ್ನ ಗಾಡಿಯ ಬಳಿ ಬಂದು, ದನದ ಬೆನ್ನು ಸವರುವ ಹಾಗೆ ಅದರ ಬದಿ ಸವರಿದರು.

"ಯಾರೂ ಹಾಕಸಲಿಲ್ರಿ. ಒಳಗ ಇದ್ದವರಿಗಿ ಅದು ಬೇಕಾಗಿರಲಿಲ್ಲ."

ಅಷ್ಟು ತಿಂಗಳು ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು ಎಲ್ಲ ಒಮ್ಮೆಗೇ ತಮ್ಮ ಅರ್ಥ ಹೇಳಿಬಿಟ್ಟವು. ಇನ್‌ಸ್ಪೆಕ್ಟರು ಫಾರ್ಮಿನ ಮೇಲೆ ಬರೆದರು. ಇದು ಈಗ ಹಿಂಭಾಗದಲ್ಲಿ ಜನ ಕೂರುವ ಗಾಡಿ; ಒಳಗಿನಿಂದ ಬಾಗಿಲು ತೆರೆಯಲೇಬೇಕು; ಹಿಡಿಕೆ ಹಾಕಿಸಿಕೊಂಡು ಬನ್ನಿ, ಅಲ್ಲಿಯವರೆಗೆ ಎಫ್‌ಸಿ ಇಲ್ಲ.

ಆ ಡ್ರೈವರು ಭೀಮಶಿ, ತಿಕೋಟಾದವರು. ಈಗ ಒಣದ್ರಾಕ್ಷಿ ಸಾಗಿಸುವ ಟೆಂಪೋ ಓಡಿಸುತ್ತಾರೆ. ಅದರ ಎಫ್‌ಸಿಗೆಂದು ಬಂದಿದ್ದರು. ಬಯಲಿನ ಪಕ್ಕದ ತಳ್ಳುಗಾಡಿ ಅಂಗಡಿಯಲ್ಲಿ ಚಹಾ ಕೊಡಿಸಿ ಎಲ್ಲ ಹೇಳಿದರು.

"ಒಂಬತ್ ವರ್ಸ ನಾನ ಹೊಡದೀನ್ರಿ ಇದನ್ನ. ದವಾಖಾನಿಯೊಳಗ ತೀರಿದವರನ್ನ ಊರಿಗಿ ಮುಟ್ಟಸೂ ಗಾಡಿ. ಒಂದ್ ಪೈಸಾ ತಗೋತಿರಲಿಲ್ಲ ಸಂಸ್ಥಾದವರು. ಬಡವರ ಪಾಲಿಗಿ ದೇವರಾಗಿತ್ತು. ತಿಕೋಟಾ, ಬಬಲೇಶ್ವರ, ಕಾಖಂಡಕಿ, ಯಾವ ಓಣಿ ಕೇಳ್ತೀರಿ? ಹೊಸಾ ಗಾಡಿ ಬಂತು, ಇದನ್ನ ಮಾರಿದ್ರು."

"ಬಣ್ಣ ಬದಲಾಯಿಸಿದೀನಲ್ಲ?"

"ಬಣ್ಣಕ್ಕೇನೈತ್ರಿ? ನಂಬರ್ ಅದೇ ಐತಲ್ಲ. ಮನಿಮುಂದ ಬಂದು ನಿಂತ ಗಾಡಿ ನಂಬರ್ ಯಾರ್ ಮರೀತಾರ?" ಅವರು ಬಸಿಗೆ, ಅಂದರೆ ಸಾಸರಿಗೆ, ಚಹಾ ಸುರಿದುಕೊಂಡರು. "ಊದಿನಕಡ್ಡಿ ನಾನ ಹಚ್ಚತಿದ್ದೆ. ಮ್ಯಾಲಿನ ಸ್ಪಂಜು ಹೊಗಿ ಕುಡದು ಕುಂತೈತಿ. ಚುರುಮುರಿ ಅಂದ್ರ, ಹೆಣಾ ಒಯ್ಯೂವಾಗ ತೂರತಾರಲ್ರಿ, ಅದು."

"ಸ್ಟೇರಿಂಗು? ಕಾಖಂಡಕಿ ದಾಟುವಾಗ ಎಡಕ್ಕೆ ಎಳೆಯುತ್ತೆ."

ಅವರು ಬಸಿ ಕೆಳಗಿಟ್ಟರು. "ಅಲ್ಲಿ ಎಡಕ್ಕ ರುದ್ರಭೂಮಿ ಐತ್ರಿ. ಇದೊಂದಕ್ಕ ನನ್ನ ಕಡೆ ಉತ್ತರಾ ಇಲ್ಲ. ನಾನೂ ಎಷ್ಟೋ ಸಲ ಮಿಸ್ತ್ರಿಗಿ ತೋರಿಸೀನಿ."

ತಿಕೋಟಾದ ಓಣಿಯಲ್ಲಿ ನಾನಂದ ಮಾತು ಹೇಳಿದೆ. ಎಲ್ಲರ ಮನೆಗೂ ಬಂದಿದ್ದೇನೆ, ಒಬ್ಬರನ್ನೂ ಬಿಡುವುದಿಲ್ಲ. ಭೀಮಶಿ ಮೊದಲು ಬಾಯಿ ಮುಚ್ಚಿಕೊಂಡರು. ಆಮೇಲೆ ಅಂಗಡಿಯವರು ತಿರುಗಿ ನೋಡುವಷ್ಟು ನಕ್ಕರು. ನನಗೂ ನಗು ಬಂತು, ಅದರ ಹಿಂದೆಯೇ ಅಳು.

"ಎಲ್ಲಾರೂ ಕಣ್ಣು ಮುಚ್ಚಿಕೊಂಡು ಹ್ವಾದ ಗಾಡಿಗಿ ಅಷ್ಟ್ ದೊಡ್ಡ ಕಣ್ಣು ಬರಸೀರಲ್ರಿ ಅಕ್ಕಾರ," ಎಂದರು ಅವರು ಮೆತ್ತಗೆ. "ಮಂದಿಗಿ ಏನನ್ನಿಸಿರಬೇಕು!"

"ಮಾರಿಬಿಡ್ತೀನಿ ಭೀಮಶಿ ಅವರೇ."

"ಮಾರ್ರಿ. ಕೊಂಡವರಿಗಿ ನೀವರ ಹೇಳ್ತೀರೇನು?"

ನಾನು ಕಪ್ಪಿನ ತಳದ ಚಹಾ ಅಲ್ಲಾಡಿಸುತ್ತ ಕೂತೆ.

"ಊರ ಮಂದಿ ಅಂಜಿಲ್ರಿ," ಎಂದರು ಭೀಮಶಿ. "ನಾವು ಬುದ್ಧನ್ನ ನಂಬಿದವರು. ನಮ್ಮನ್ಯಾಗ ದೆವ್ವ ಪಿಶಾಚಿ ಮಾತ ಇಲ್ಲ. ಆದ್ರೂ ಇದು ಎದುರಿಗಿ ಬಂದ್ರ ನನ್ನ ಕೈ ತಾನಾ ಎದಿಗಿ ಹೋಗತೈತಿ. ನಮ್ಮಪ್ಪನ್ನೂ ಇದರಾಗ ನಾನ ತಂದೀನಿ. ನೀವು ಮುಚ್ಚಿಟ್ಟೀರಿ ಅಂತ ತಿಳದು ಮಂದಿ ದೂರ ನಿಂತಾರ. ಹೇಳ್ರಿ ಅವರಿಗಿ. ಐತವಾರ ನನಗ ಸುಟಿ. ನಾ ಬರತೇನಿ."

ಗುರಪ್ಪ ಮಿಸ್ತ್ರಿ ಆ ಮಧ್ಯಾಹ್ನವೇ ಹಿಡಿಕೆ ಹಾಕಿದರು. ಎರಡು ದಿನ ಬಿಟ್ಟು ಇನ್‌ಸ್ಪೆಕ್ಟರು ಒಳಗೆ ಕೂತು, ಬಾಗಿಲು ಹಾಕಿಸಿ, ತಾವೇ ತೆರೆದು ಹೊರಗೆ ಬಂದರು. ಮತ್ತೊಮ್ಮೆ ಒಳಗೆ ಹೋಗಿ ಮತ್ತೊಮ್ಮೆ ತೆರೆದರು. ಅದು ನಿಯಮವೋ ಅವರ ಸಮಾಧಾನಕ್ಕೋ ಗೊತ್ತಿಲ್ಲ. ಎಫ್‌ಸಿ ಆಯಿತು.

ಭಾನುವಾರ ಕಾಖಂಡಕಿಗೆ ಹೋದೆವು. ಊರ ಮುಂದೆ ಗಾಡಿ ನಿಂತಾಗ ಎಂದಿನಂತೆ ಎಲ್ಲರೂ ಎದ್ದರು. ಭೀಮಶಿ ಇಳಿದು, ಹೆಸರು ಹಿಡಿದು ಒಬ್ಬೊಬ್ಬರನ್ನೇ ಮಾತಾಡಿಸಿದರು. ಯಾರ ಮನೆಯಿಂದ ಯಾರು ಹೋದರೆಂದು ಅವರಿಗೆ ನೆನಪಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಹೇಳ್ರಿ" ಎಂದರು.

ಈ ಗಾಡಿ ಏನೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಹಾಗೆ ಬರುತ್ತಿರಲಿಲ್ಲ, ತಪ್ಪಾಯಿತು ಎಂದೆ. ನಿಮಗೆ ಬೇಡ ಅನ್ನಿಸಿದರೆ ಇನ್ನು ಈ ಊರಿಗೆ ತರುವುದಿಲ್ಲ ಎಂದೆ.

ಗುಂಪಿನ ಹಿಂದಿನಿಂದ ಗಂಗವ್ವ ಬಂದರು. ಸೀದಾ ಗಾಡಿಯ ಮೆಟ್ಟಿಲ ಹತ್ತಿರ ನಿಂತು, "ನನ್ನ ಹತ್ತಸು ಬೇ" ಎಂದರು.

ಕೈ ಹಿಡಿದು ಹತ್ತಿಸಿದೆ. ಅವರು ಕುರ್ಚಿಯ ಮೇಲೆ ಕೂರಲಿಲ್ಲ. ನೆಲದ ಮೇಲೆ, ಆ ಕಬ್ಬಿಣದ ಪಟ್ಟಿಗಳ ಪಕ್ಕ ಕೂತು ಅಂಗೈಯಿಂದ ನೆಲ ಸವರಿದರು.

"ನಮ್ಮನಿಯವರನ್ನ ಇದರಾಗ ತಂದ್ರು. ನಾ ಬರತೇನಿ ಅಂದೆ, ಹೆಣ್ಮಕ್ಕಳು ಬ್ಯಾಡ ಅಂದ್ರು. ಮಂದಿ ಜೋಡಿ ಬಸ್ಸಿನ್ಯಾಗ ಕಳಿಸಿದ್ರು. ದಾರಿತುಂಬ ಅವರು ಒಬ್ಬರ ಇದ್ರು ಇಲ್ಲಿ. ಕತ್ತಲ್ಯಾಗ."

"ಅವತ್ತು ಬಾಗಿಲು ತೆಗೆದಾಗ ನಿಮಗೆ ಭಯ ಆಗಲಿಲ್ವಾ ಅಮ್ಮ?"

"ಆಗಿತ್ತು," ಎಂದರು ಗಂಗವ್ವ. "ಆದ್ರ ಒಳಗಿಂದ ಯಾರೋ ಬಾಗಲಾ ಬಡದ್ರಲ್ಲ. ನಮ್ಮನಿಯವರ ಇದ್ರ?"

ನಾನು ಅವರನ್ನು ಕುರ್ಚಿಗೆ ಕೂರಿಸಿ ಬಾಗಿಲು ಹಾಕಿದೆ. ಅಕ್ಷರಗಳ ಮೇಲಿನ ಸಣ್ಣ ದೀಪವೊಂದನ್ನೇ ಹಚ್ಚಿದೆ. ಓದು ಬಾರದವರಿಗೆ ಕವಲಿನ ಚಿತ್ರಗಳಿರುವ ಪಟ್ಟಿ ಇದೆ. ಕವಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಬೇಕು. ಗಂಗವ್ವ ಕನ್ನಡಿ ನೋಡುತ್ತ ಮೇಲೆ, ಕೆಳಗೆ, ಎಡಕ್ಕೆ ಎಂದು ತೋರಿಸಿದರು. ಒಂದೊಂದು ಗಾಜು ಬದಲಿಸಿದಂತೆ ಸಾಲುಗಳು ಇಳಿಯುತ್ತ ಹೋದವು. ಕೊನೆಯ ಸಾಲಿಗೆ ಬಂದಾಗ ಅವರು ಕೈ ತೋರಿಸುವುದನ್ನು ನಿಲ್ಲಿಸಿ ಕನ್ನಡಿಯನ್ನೇ ನೋಡುತ್ತ ಕೂತರು. ಏನು ಕಂಡಿತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಊದಿನಕಡ್ಡಿಯ ವಾಸನೆ ಮೆಲ್ಲಗೆ ತುಂಬಿಕೊಳ್ಳುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರೇ ಎದ್ದರು. ಕತ್ತಲಲ್ಲಿ ಕೈಯಾಡಿಸಿ, ಹಿಡಿಕೆ ಹುಡುಕಿ, ಬಾಗಿಲು ತೆರೆದರು. ಹೊರಗೆ ಊರೇ ನಿಂತಿತ್ತು. ಬೇವಿನ ಗಿಡದ ಕೆಳಗಲ್ಲ, ಗಾಡಿಯ ಹತ್ತಿರ.

"ಚಾಳೀಸ ಬರತೈತೆಂತ ಮುಂದಿನ ವಾರ," ಎಂದರು ಗಂಗವ್ವ ಇಳಿಯುತ್ತ. "ಮುಂದ ಯಾರು? ಬರ್ರಿ."

ಅವತ್ತು ಹನ್ನೊಂದು ಮಂದಿ ಹತ್ತಿದರು. ಎಲ್ಲ ಊರೂ ಹಾಗಲ್ಲ. ಇವತ್ತಿಗೂ ಕೆಲವು ಓಣಿಗಳಲ್ಲಿ ಕಟ್ಟೆಯ ಮೇಲೇ ಕಣ್ಣು ನೋಡುತ್ತೇನೆ. ಕೆಲವರು ಹತ್ತುವ ಮುಂಚೆ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಕೆಲವರು ಒಳಗೆ ಬಂದು ಯಾವುದೋ ಹೆಸರು ಹಿಡಿದು ಎರಡು ಮಾತಾಡಿ ಆಮೇಲೆ ಕುರ್ಚಿಗೆ ಬರುತ್ತಾರೆ. ನಾನು ಕಾಯುತ್ತೇನೆ. ಭೀಮಶಿ ಭಾನುವಾರಗಳಲ್ಲಿ ಬರುತ್ತಾರೆ. ಮೊನ್ನೆ ಎರಡನೆಯ ಎಫ್‌ಸಿಯೂ ಆಯಿತು.

ಅದಾದ ವಾರವೇ ತಂಗಿಯ ಮಗುವಿನ ನಾಮಕರಣಕ್ಕೆ ಕೊಳ್ಳೇಗಾಲಕ್ಕೆ ಹೋದೆ. ಗಾಡಿಯ ಕಥೆಯನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದ್ದೆ. ಬಾಗಿಲ ಹತ್ತಿರ ಹೋಗುತ್ತಿದ್ದಂತೆ ಅಮ್ಮ ಚೊಂಬಿನಲ್ಲಿ ನೀರು ಹಿಡಿದು ಹೊರಗೆ ಬಂದರು.

"ಅಲ್ಲೇ ನಿಂತ್ಕೊ ಕಣವ್ವ."

ನನ್ನ ಕಾಲ ಮೇಲೆ ನೀರು ಹುಯ್ದರು. ಆಮೇಲೆ ಕೈ ಹಿಡಿದು ಒಳಗೆ ಕರೆದುಕೊಂಡರು, ತಲೆ ಸವರಿದರು, ಮುದ್ದೆಗೆ ಉಪ್ಸಾರು ಬಡಿಸಿದರು. ಮದುವೆಯಾಗಿ ಹೋದ ಮೇಲೆ ಬಂದಾಗಲೆಲ್ಲ ಅಮ್ಮ ಹೀಗೆ ಬಾಗಿಲಲ್ಲೇ ನೀರು ಹುಯ್ಯುತ್ತಿದ್ದರೋ, ಅಥವಾ ಇದೇ ಮೊದಲೋ? ಉಣ್ಣುತ್ತ ಎಷ್ಟು ನೆನಪಿಸಿಕೊಂಡರೂ ತಿಳಿಯಲಿಲ್ಲ. ತಂಗಿಯನ್ನು ಕೇಳಬಹುದಿತ್ತು. ಕೇಳಲಿಲ್ಲ. ತೊಟ್ಟಿಲ ಹತ್ತಿರ ಹೋದಾಗ ಅಲ್ಲಿದ್ದ ಹೆಂಗಸರು ಜಾಗ ಬಿಟ್ಟರು. ಸುಮ್ಮನೆ ಬಿಟ್ಟಿರಬಹುದು. ಮಗುವನ್ನು ಎತ್ತಿಕೊಳ್ಳಲು ಚಾಚಿದ ಕೈಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ.

ಮೂರನೆಯ ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ಅಮ್ಮ ಕೇಳಿದರು: "ಊರಿಗೆ ಯಾವಾಗ ಹೊಂಟೀಯವ್ವ?"

ನಾನು ಊರಿಗೇ ಬಂದಿದ್ದೇನೆ ಎಂದುಕೊಂಡಿದ್ದೆ. "ನಾಳೆ," ಎಂದೆ.

ಮರುವಾರ ಕಾಖಂಡಕಿಯಲ್ಲಿ ಗಂಗವ್ವ ತಮ್ಮ ಚಾಳೀಸದ ಹಿಂದಿನಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸೊರಗಿದಿ ಬೇ. ಊರಿಂದ ಯಾವಾಗ ಬಂದಿ?"

"ನಿನ್ನೆ," ಎಂದೆ, ಮತ್ತು ಗಾಡಿಯ ಹಿಂಬಾಗಿಲು ತೆರೆದೆ.